ಶಿಲೀಂಧ್ರ ಪ್ರಭೇದಗಳ ಗುರುತಿಸುವಿಕೆ ಮತ್ತು ವರ್ಗೀಕರಣ

ಶಿಲೀಂಧ್ರ ಪ್ರಭೇದಗಳ ಗುರುತಿಸುವಿಕೆ ಎಂದರೆ ಅಣಬೆ, ಬೂಷ್ಟು, ಯೀಸ್ಟ್ ಮೊದಲಾದವುಗಳ ಮಾದರಿಯೊಂದು ಯಾವ ಪ್ರಭೇದಕ್ಕೆ ಸೇರಿದುದೆಂದು ನಿರ್ಣಯಿಸುವುದು. ಆ ಪ್ರಭೇದವನ್ನು ಅದರ ಬಂಧುಗಳೊಡನೆ ಕುಲ, ಕುಟುಂಬ, ಗಣಗಳಲ್ಲಿ ಇರಿಸುವುದು ವರ್ಗೀಕರಣ. ಇವೆರಡೂ ಒಂದೇ ಕೆಲಸವಲ್ಲ. ಗುರುತು ಹಿಡಿಯಲು ನೆರವಾಗುವ ಲಕ್ಷಣವು ಬಂಧುತ್ವವನ್ನೂ ಸೂಚಿಸಬೇಕೆಂದಿಲ್ಲ. ಡಿಎನ್‌ಎ ಅಧ್ಯಯನಗಳ ನಂತರ ಶಿಲೀಂಧ್ರಗಳ ಹೆಸರುಗಳು ಮೇಲಿಂದ ಮೇಲೆ ಬದಲಾಗಿರುವುದಕ್ಕೆ ಇದು ಮುಖ್ಯ ಕಾರಣ.

ರೂಪಲಕ್ಷಣಗಳು

ಬಹುಪಾಲು ಶಿಲೀಂಧ್ರಗಳ ದೇಹವು ಮಣ್ಣು, ಮರ ಅಥವಾ ಬೇರೆ ಜೀವಿಯೊಳಗೆ ಹರಡಿದ ಸೂಕ್ಷ್ಮ ಎಳೆಗಳ ಜಾಲ. ಎಳೆಗಳನ್ನಷ್ಟೇ ನೋಡಿ ಪ್ರಭೇದವನ್ನು ಹೇಳುವುದು ಕಷ್ಟ. ಆದ್ದರಿಂದ ಬೀಜಕಗಳ ಆಕಾರ, ಅಳತೆ, ಬಣ್ಣ ಮತ್ತು ಅವು ಹುಟ್ಟುವ ಬಗೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗುತ್ತದೆ. ಅಣಬೆಯ ಟೋಪಿಯನ್ನು ಕಾಗದದ ಮೇಲೆ ಕವುಚಿ ಕೆಲವು ಗಂಟೆ ಬಿಟ್ಟರೆ ಉದುರಿದ ಬೀಜಕಗಳ ಅಚ್ಚು ಮೂಡುತ್ತದೆ. ಸ್ವೀಡನ್ನಿನ ಎಲಿಯಾಸ್ ಫ್ರೀಸ್ 19ನೆಯ ಶತಮಾನದಲ್ಲಿ ಗರಿಯುಳ್ಳ ಅಣಬೆಗಳನ್ನು ವಿಂಗಡಿಸಲು ಈ ಬಣ್ಣವನ್ನೇ ಆಧಾರವಾಗಿ ಬಳಸಿದರು.

ಹುಲ್ಲುಹಾಸಿನಲ್ಲಿ ಬೆಳೆಯುವ ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ವಿಷಕಾರಿ. ತಿಂದವರಿಗೆ ತೀವ್ರ ವಾಂತಿಭೇದಿಯಾಗುತ್ತದೆ. ಅದು ಖಾದ್ಯ ಅಣಬೆಯಾದ ಮ್ಯಾಕ್ರೊಲೆಪಿಯೋಟಾ ಪ್ರೊಸೆರಾವನ್ನು ಹೋಲುತ್ತದೆ. ಎಳೆಯದರಲ್ಲಿ ಎರಡರ ಗರಿಗಳೂ ಬಿಳಿ. ಆದರೆ ಬಲಿತ ಬಳಿಕ ಮೊದಲನೆಯದರ ಅಚ್ಚು ಹಸಿರಾಗಿಯೂ ಎರಡನೆಯದರ ಅಚ್ಚು ಬಿಳಿಯಾಗಿಯೂ ಇರುತ್ತದೆ. ಹಸಿರು ಬೀಜಕವನ್ನೇ ಕ್ಲೋರೊಫಿಲಮ್ ಕುಲದ ಲಕ್ಷಣವೆಂದು ಬಹುಕಾಲ ಎಣಿಸಲಾಗಿತ್ತು. 2002ರಲ್ಲಿ ಡಿಎನ್‌ಎ ಆಧಾರದ ಮೇಲೆ, ಬಿಳಿ ಬೀಜಕಗಳ ಮ್ಯಾಕ್ರೊಲೆಪಿಯೋಟಾ ರಾಕೋಡಿಸ್ ಅನ್ನೂ ಅದೇ ಕುಲಕ್ಕೆ ಸೇರಿಸಲಾಯಿತು. ಹಸಿರು ಅಚ್ಚು ವಿಷದ ಎಚ್ಚರಿಕೆಯಾಗಿ ಇಂದಿಗೂ ಉಪಯುಕ್ತ. ಕುಲದ ಗಡಿಯಾಗಿ ಅದು ಉಳಿಯಲಿಲ್ಲ.

ಕರ್ನಾಟಕದ ಅಡಿಕೆ ತೋಟಗಳಲ್ಲಿ ಕೊಳೆರೋಗವನ್ನು ತರುವ ಫೈಟಾಫ್ತೊರಾ ಕೂಡ ಎಳೆಗಳ ರೂಪದಿಂದಾಗಿ ಹಿಂದೆ ಶಿಲೀಂಧ್ರವೆನಿಸಿತ್ತು. ಅದರ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇದೆ, ಮತ್ತು ವಂಶದಲ್ಲಿ ಅದು ಕಂದು ಪಾಚಿಗಳಿಗೆ ಹತ್ತಿರ.

ಡಿಎನ್‌ಎ ವಿಧಾನ

ಮಾದರಿಯಿಂದ ಡಿಎನ್‌ಎ ಬೇರ್ಪಡಿಸಿ, ಪಿಸಿಆರ್ ಮೂಲಕ ಆಯ್ದ ತುಣುಕೊಂದನ್ನು ವೃದ್ಧಿಸಿ, ಅದರ ಅನುಕ್ರಮವನ್ನು ಜೆನ್‌ಬ್ಯಾಂಕ್, ಯುನೈಟ್ ಮುಂತಾದ ದತ್ತಸಂಚಯಗಳೊಡನೆ ಹೋಲಿಸಲಾಗುತ್ತದೆ. ರೈಬೊಸೋಮ್ ಜೀನುಗಳ ನಡುವಿನ ಐಟಿಎಸ್ ಭಾಗವನ್ನು 2012ರಲ್ಲಿ ಶಿಲೀಂಧ್ರಗಳ ಸಾರ್ವತ್ರಿಕ ಡಿಎನ್‌ಎ ಬಾರ್‌ಕೋಡ್ ಆಗಿ ಪ್ರಸ್ತಾಪಿಸಲಾಯಿತು. ಪ್ರತಿ ಕೋಶದಲ್ಲಿ ಇದರ ಅನೇಕ ಪ್ರತಿಗಳಿರುವುದರಿಂದ ಅತ್ಯಲ್ಪ ಮಾದರಿಯೂ ಸಾಕಾಗುತ್ತದೆ.

ಆಸ್ಪತ್ರೆಗಳಲ್ಲಿ ಈ ವಿಧಾನಕ್ಕೆ ವಿಶೇಷ ಮಹತ್ವವಿದೆ. ಕ್ಯಾಂಡಿಡಾ ಆರಿಸ್ ಎಂಬ ಯೀಸ್ಟ್ ಅನ್ನು 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯ ಮಾದರಿಯಿಂದ ಹೊಸ ಪ್ರಭೇದವೆಂದು ವರ್ಣಿಸಲಾಯಿತು. ಸಕ್ಕರೆ ಬಳಕೆ ಮುಂತಾದ ಜೀವರಾಸಾಯನಿಕ ಪರೀಕ್ಷೆಗಳು ಇದನ್ನು ಹಲವೆಡೆ ಕ್ಯಾಂಡಿಡಾ ಹೀಮ್ಯುಲೋನಿಯೈ ಎಂದು ತಪ್ಪಾಗಿ ತೋರಿಸಿದವು. ಇದರ ಬಹುತೇಕ ತಳಿಗಳು ಫ್ಲುಕೊನಜೋಲ್ ಔಷಧಕ್ಕೆ ಬಗ್ಗುವುದಿಲ್ಲ ಮತ್ತು ಇದು ರೋಗಿಯಿಂದ ರೋಗಿಗೆ ಹರಡುತ್ತದೆ. ಹೀಗಾಗಿ ತಪ್ಪು ಹೆಸರು ಚಿಕಿತ್ಸೆಯನ್ನೂ ಸೋಂಕು ನಿಯಂತ್ರಣವನ್ನೂ ದಾರಿತಪ್ಪಿಸಬಲ್ಲದು. ಇಂದು ರೈಬೊಸೋಮ್ ಡಿಎನ್‌ಎ ಅಥವಾ ಪ್ರೋಟೀನುಗಳನ್ನು ಅಳೆಯುವ ಮಾಲ್ಡಿ-ಟಾಫ್ ಯಂತ್ರದಿಂದ ಇದನ್ನು ಖಚಿತಪಡಿಸಲಾಗುತ್ತದೆ.

ಒಂದು ಶಿಲೀಂಧ್ರ, ಒಂದು ಹೆಸರು

ಲೈಂಗಿಕ ಮತ್ತು ಅಲೈಂಗಿಕ ಹಂತಗಳು ಬೇರೆಬೇರೆಯಾಗಿ ಕಾಣುವುದರಿಂದ ಅನೇಕ ಶಿಲೀಂಧ್ರಗಳಿಗೆ ಎರಡು ಹೆಸರುಗಳಿದ್ದವು. ಭತ್ತದ ಬೆಂಕಿರೋಗಕಾರಿಯು ಮ್ಯಾಗ್ನಪೋರ್ತೆ ಎಂದೂ ಪಿರಿಕ್ಯುಲೇರಿಯಾ ಎಂದೂ ದಾಖಲಾಗಿದೆ. ಹಳೆಯ ಮತ್ತು ಹೊಸ ಲೇಖನಗಳನ್ನು ಹುಡುಕುವವರು ಎರಡನ್ನೂ ತಿಳಿದಿರಬೇಕು. 2011ರ ಮೆಲ್ಬರ್ನ್ ಸಮ್ಮೇಳನದ ನಿರ್ಣಯದಿಂದ ಈ ಜೋಡಿನಾಮ ಪದ್ಧತಿ ಕೊನೆಗೊಂಡಿತು.

ಮಿತಿಗಳು

ಫ್ಯುಸೇರಿಯಮ್, ಆಸ್ಪರ್ಜಿಲಸ್ ಕುಲಗಳ ಹಲವು ನಿಕಟ ಪ್ರಭೇದಗಳನ್ನು ಐಟಿಎಸ್ ಬೇರ್ಪಡಿಸಲಾರದು. ಅಲ್ಲಿ ಕ್ರಮವಾಗಿ ಟಿಇಎಫ್1 ಮತ್ತು ಕ್ಯಾಲ್ಮೊಡ್ಯುಲಿನ್ ಜೀನುಗಳನ್ನು ಓದಬೇಕಾಗುತ್ತದೆ. ದತ್ತಸಂಚಯಗಳಲ್ಲಿಯೂ ತಪ್ಪು ಹೆಸರಿನ ಅನುಕ್ರಮಗಳಿವೆ. ಹೋಲಿಕೆಯು ನಂಬಲರ್ಹವಾಗಬೇಕಾದರೆ ಆ ಅನುಕ್ರಮದ ಮೂಲ ಮಾದರಿಯು ಸಂಗ್ರಹಾಲಯದಲ್ಲಿ ಉಳಿದಿರಬೇಕು, ಮತ್ತು ಅದರ ಬೀಜಕಗಳನ್ನು ಬಲ್ಲವರೊಬ್ಬರು ಪರೀಕ್ಷಿಸಿರಬೇಕು.