ಡಬ್ಬ ನಮ್ಮದು, ಬೀಗದ ಕೈ ಯಾರದು?

ನಿಮ್ಮ ಮನೆಯ ಟಿವಿ ಹಿಂದೆಯೋ, ಷೋಕೇಸ್ ಮೇಲೋ ಒಂದು ಡಬ್ಬ ಧೂಳು ಹಿಡಿದು ಕೂತಿರುತ್ತೆ. ಎರಡೋ ನಾಲ್ಕೋ ಕೊಂಬು. ಮಿಣುಕು ಮಿಣುಕು ದೀಪ. ಮ್ಯಾಚ್‌ನ ಕೊನೇ ಓವರ್‌ನಲ್ಲಿ ಚಿತ್ರ ನಿಂತು ಸುತ್ತೋಕೆ ಶುರುವಾದಾಗ ಮಾತ್ರ ಅದರ ನೆನಪಾಗುತ್ತೆ. ಎದ್ದು ಹೋಗಿ ಸ್ವಿಚ್ ಆಫ್ ಮಾಡಿ ಆನ್ ಮಾಡ್ತೀವಿ. ಅಲ್ಲಿಗೆ ನಮ್ಮ ಅದರ ಸಂಬಂಧ ಮುಗೀತು.

ನನ್ನದೂ ಅಷ್ಟೇ ಇತ್ತು. ಮೂರು ವರ್ಷದ ಹಿಂದೆ ಕೊಂಡ ರೂಟರ್ ದಿನಕ್ಕೆ ನಾಲ್ಕು ಸಲ ಕೈಕೊಡೋಕೆ ಶುರು ಮಾಡಿತು. ಕಂಪನಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬಹಳ ವಿನಯದ ದನಿ: 'ಸಾರ್, ಆ ಮಾಡೆಲ್‌ಗೆ ಅಪ್‌ಡೇಟ್ ಕೊಡೋದು ನಿಲ್ಲಿಸಿದ್ದೀವಿ. ಹೊಸದು ತಗೊಳ್ಳಿ.' ಡಬ್ಬ ಕೆಟ್ಟಿರಲಿಲ್ಲ, ಸುಟ್ಟಿರಲಿಲ್ಲ. ಆದರೂ ಕಂಪನಿಯ ಲೆಕ್ಕದಲ್ಲಿ ಅದು ಸತ್ತಿತ್ತು.

ಸ್ಟುಡಿಯೋದಲ್ಲಿ ಈ ಸಂಕಟ ಹೇಳಿಕೊಂಡೆ. ತಾಂತ್ರಿಕ ವಿಭಾಗದ ಹುಡುಗ ನಕ್ಕ. 'ಬಿಸಾಕ್ಬೇಡಿ ಸಾರ್. ಒಳಗಿರೋ ಸಾಫ್ಟ್‌ವೇರ್ ಬದಲಾಯಿಸೋಣ.'

'ಹಾಗೂ ಮಾಡಬಹುದೇನಯ್ಯಾ?'

'ಇಪ್ಪತ್ತು ವರ್ಷದಿಂದ ಮಾಡ್ತಿದ್ದಾರೆ ಸಾರ್. ಅದಕ್ಕೊಂದು ಜಗಳದ ಕಥೆ ಇದೆ.'

ಜಗಳ ಅಂದ್ರೆ ಟಿವಿಯವರ ಕಿವಿ ನಿಮಿರದೇ ಇರುತ್ತಾ? ಹುಡುಕಿದೆ, ಓದಿದೆ. ಆ ಕಥೆ ಇವತ್ತು ನಿಮಗೆ.

2002ರ ಕೊನೆ. ಅಮೆರಿಕದ ಲಿಂಕ್ಸಿಸ್ ಕಂಪನಿ ಒಂದು ರೂಟರ್ ಬಿಟ್ಟಿತು. ನೀಲಿ-ಕಪ್ಪು ಮೈ, ಹಿಂದೆ ಎರಡು ಆಂಟೆನಾ. ಹೆಸರು ಡಬ್ಲ್ಯುಆರ್‌ಟಿ54ಜಿ. ಹೆಸರಲ್ಲಿ ಏನೂ ಆಕರ್ಷಣೆ ಇಲ್ಲ, ಆದರೆ ಮಾಲು ಬಿಸಿ ದೋಸೆ ಥರ ಖರ್ಚಾಯ್ತು. 2003ರಲ್ಲಿ ಸಿಸ್ಕೋ ಎಂಬ ದೈತ್ಯ ಸುಮಾರು 50 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಇಡೀ ಲಿಂಕ್ಸಿಸ್ಸನ್ನೇ ಕೊಂಡುಕೊಂಡಿತು.

ಅದೇ ವರ್ಷದ ಜೂನ್‌ನಲ್ಲಿ ಲಿನಕ್ಸ್ ಬರೆಯುವವರ ಬಳಗದಲ್ಲಿ ಒಬ್ಬ ಪ್ರಶ್ನೆ ಎತ್ತಿದ: 'ಈ ಡಬ್ಬದೊಳಗೆ ಓಡ್ತಿರೋದು ನಮ್ಮ ಲಿನಕ್ಸ್. ಹಾಗಾದ್ರೆ ಇದರ ಸೋರ್ಸ್ ಕೋಡ್ ಎಲ್ಲಿ?'

ಇದೇನು ಮಹಾ ಪ್ರಶ್ನೆ ಅಂತೀರಾ? ಸ್ವಲ್ಪ ಕೇಳಿ. ಲಿನಕ್ಸ್ ಅನ್ನೋದು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಕೆಲಸ. ಅದರ ಮೇಲಿರೋ ಪರವಾನಗಿ ಜಿಪಿಎಲ್. ಅದನ್ನು ಬರೆದವರು ರಿಚರ್ಡ್ ಸ್ಟಾಲ್‌ಮನ್. ಅದರ ಸಾರ ನಮ್ಮ ಹಳ್ಳಿಯ ಮುಯ್ಯಿ ಲೆಕ್ಕದ ಹಾಗೆ. ಯಾರು ಬೇಕಾದರೂ ತಗೊಳ್ಳಿ, ತಿದ್ದಿ, ಮಾರಿ, ದುಡ್ಡು ಮಾಡಿ. ಆದರೆ ಮಾರುವಾಗ, ನೀವು ತಿದ್ದಿದ್ದನ್ನೂ ಸೇರಿಸಿ, ಕೋಡನ್ನು ಕೊಂಡವರಿಗೆ ಕೊಡಲೇಬೇಕು. ಮುಯ್ಯಿ ತಗೊಂಡವರು ವಾಪಸ್ ಮಾಡದೇ ಇದ್ದರೆ ಊರು ಬಿಡುತ್ತಾ?

ಇಲ್ಲೂ ಬಿಡಲಿಲ್ಲ. ಒತ್ತಡ ಬಂತು, ಸುದ್ದಿಯಾಯ್ತು. ಕೋಟಿ ಕೋಟಿ ಸುರಿದು ಕಂಪನಿ ಕೊಂಡಿದ್ದ ಸಿಸ್ಕೋಗೆ, ಜೊತೆಗೆ ಈ ಋಣವನ್ನೂ ಕೊಂಡಿದ್ದೀವಿ ಅನ್ನೋದು ಅರ್ಥವಾಯ್ತು. ಕೊನೆಗೆ 2003ರಲ್ಲೇ ಕೋಡ್ ಹೊರಗೆ ಬಂತು.

ಆಮೇಲೆ ನಡೆದದ್ದು ಕಂಪನಿಯ ಕಲ್ಪನೆಯಲ್ಲೂ ಇರಲಿಲ್ಲ. 2004ರಲ್ಲಿ ಆ ಕೋಡ್ ಹಿಡಿದು ಓಪನ್‌ಡಬ್ಲ್ಯುಆರ್‌ಟಿ ಶುರುವಾಯ್ತು. ಹೆಸರಲ್ಲೇ ನೋಡಿ, ಆ ರೂಟರಿನ ಗುರುತು ಇವತ್ತಿಗೂ ಉಳಿದಿದೆ. ಹಿಂದೆಯೇ ಡಿಡಿ-ಡಬ್ಲ್ಯುಆರ್‌ಟಿ, ಆಮೇಲೆ ಟೊಮ್ಯಾಟೊ. ಸಾಮಾನ್ಯ ಮನೆಯ ಡಬ್ಬ ದುಬಾರಿ ಯಂತ್ರಗಳ ಕೆಲಸ ಮಾಡೋಕೆ ಶುರು ಮಾಡಿತು. ಯಾವ ಫೋನಿಗೆ ಎಷ್ಟು ವೇಗ, ಅತಿಥಿಗಳಿಗೆ ಬೇರೆ ವೈಫೈ, ಒಂದು ರೂಟರಿಂದ ಇನ್ನೊಂದಕ್ಕೆ ಸೇತುವೆ, ಎಲ್ಲವೂ.

ಇದು ಅಮೆರಿಕದ ಟೆಕ್ಕಿಗಳ ಆಟ ಅಂದ್ಕೋಬೇಡಿ. 2005ರ ಜನವರಿ ಕೊನೆಯಲ್ಲಿ ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ಅಲೆಗಳಿಗೆ ಲೈಸೆನ್ಸ್ ಬೇಡ ಎಂದಿತು. ಮರುತಿಂಗಳೇ ಹಿಮಾಚಲದ ಧರ್ಮಶಾಲಾದಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ವೈರ್‌ಲೆಸ್ ಜಾಲ ಕಟ್ಟಿದರು. ಅಲ್ಲಿ ಕೆಲಸ ಮಾಡಿದ್ದು ಇದೇ ರೂಟರ್, ಒಳಗೆ ಬದಲಾಯಿಸಿದ ಸಾಫ್ಟ್‌ವೇರ್. ಗುಡ್ಡ ಅಡ್ಡ ಬಂದರೆ ಒಂದು ಡಬ್ಬ ಮತ್ತೊಂದಕ್ಕೆ ದಾಟಿಸುತ್ತೆ, ಅದು ಮುಂದಿನದಕ್ಕೆ. ಡ್ರಾಯಿಂಗ್ ರೂಮಿಗೆ ಅಂತ ಮಾಡಿದ ಡಬ್ಬ ಹಿಮಾಲಯದ ತಪ್ಪಲಲ್ಲಿ ದುಡಿಯಿತು.

ಕಂಪನಿ ಸುಮ್ಮನಿತ್ತಾ? ಅದೇ 2005ರಲ್ಲಿ ಡಬ್ಲ್ಯುಆರ್‌ಟಿ54ಜಿಯ 5ನೇ ಆವೃತ್ತಿ ಬಂತು. ಮೇಲೆ ಅದೇ ಹೆಸರು, ಅದೇ ಬಣ್ಣ. ಒಳಗೆ ಮಾತ್ರ ಮೆಮೊರಿ ಅರ್ಧ! 16 ಎಂಬಿ ಇದ್ದ ರ‍್ಯಾಮ್ 8 ಆಯ್ತು, 4 ಎಂಬಿ ಫ್ಲ್ಯಾಶ್ 2 ಆಯ್ತು. ಲಿನಕ್ಸ್ ಹೋಗಿ ಬೇರೆ ಸಾಫ್ಟ್‌ವೇರ್ ಕೂತಿತು. ಹಳೇ ಒಳಾಂಗಣ ಬೇಕು ಅನ್ನೋ ಗಿರಾಕಿಗಳು ಎಷ್ಟಿದ್ದರು ಅಂದ್ರೆ, ಅವರಿಗಾಗಿಯೇ ಡಬ್ಲ್ಯುಆರ್‌ಟಿ54ಜಿಎಲ್ ಅಂತ ಬೇರೆ ಮಾಡೆಲ್ ತರಬೇಕಾಯ್ತು. ಕೋಡ್ ಸರಿಯಾಗಿ ಕೊಡ್ತಿಲ್ಲ ಅಂತ 2008ರ ಡಿಸೆಂಬರ್‌ನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಿಸ್ಕೋ ಮೇಲೆ ಕೇಸನ್ನೂ ಹಾಕಿತು. 2009ರಲ್ಲಿ ರಾಜಿಯಾಯ್ತು.

ಆಮೇಲೆ ಸರ್ಕಾರದ ಸರದಿ. ಸಾಫ್ಟ್‌ವೇರ್ ಬದಲಾಯಿಸಿ ರೂಟರಿನ ಪವರ್ ಹೆಚ್ಚಿಸಿದರೆ ವಿಮಾನ ನಿಲ್ದಾಣಗಳ ಹವಾಮಾನ ರೇಡಾರ್‌ಗೆ ತೊಂದರೆ ಅನ್ನೋದು ಅಮೆರಿಕದ ಎಫ್‌ಸಿಸಿ ಚಿಂತೆ. ಚಿಂತೆ ಸುಳ್ಳಲ್ಲ. ಆದರೆ 2015ರಲ್ಲಿ ಅದು ತಯಾರಕರಿಗೆ ಕೇಳಿದ ಪ್ರಶ್ನೆ ಹೇಗಿತ್ತು ಅಂದ್ರೆ, ಡಿಡಿ-ಡಬ್ಲ್ಯುಆರ್‌ಟಿಯ ಹೆಸರು ಹಿಡಿದೇ ಅಂಥವನ್ನು ಹೇಗೆ ತಡೀತೀರಿ ಅನ್ನೋ ಧಾಟಿ. ಗದ್ದಲವಾಯ್ತು. ಅದೇ ವರ್ಷ ಆ ಮಾತು ತಿದ್ದಿದರು. ಮರುವರ್ಷ ಟಿಪಿ-ಲಿಂಕ್ ಕಂಪನಿ ಪವರ್ ಮಿತಿ ಉಲ್ಲಂಘನೆಯ ಪ್ರಕರಣದಲ್ಲಿ 2 ಲಕ್ಷ ಡಾಲರ್ ಕಟ್ಟಲು ಒಪ್ಪಿದಾಗ, ಹೊರಗಿನವರ ಫರ್ಮ್‌ವೇರ್‌ಗೆ ದಾರಿ ಹುಡುಕುವುದಕ್ಕೂ ಒಪ್ಪಬೇಕಾಯ್ತು. ಬೀಗ ಹಾಕಿ ಅಂದವರೇ ಕೀಲಿ ಕೊಡಿ ಅಂದರು!

ಈಗ ನನ್ನ ಮನೆಗೆ ಬನ್ನಿ. ಹುಡುಗ ಬಂದವನೇ ರೂಟರ್ ತಿರುಗಿಸಿ ಅಡಿಯ ಚೀಟಿ ಓದಿದ. ಹೆಸರು ನೋಡಿದರೆ ಸಾಲದು, ಆವೃತ್ತಿ ಸಂಖ್ಯೆ ನೋಡಬೇಕು. ಯಾಕೆ ಅಂತ ಆ 5ನೇ ಆವೃತ್ತಿಯ ಕಥೆ ಕೇಳಿದ ನಿಮಗೆ ಹೇಳಬೇಕಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಪಟ್ಟಿಯಲ್ಲಿ ಆ ಹೆಸರು, ಆ ಆವೃತ್ತಿ ಎರಡೂ ಇರಬೇಕು. ಫ್ಲ್ಯಾಶ್ 16 ಎಂಬಿ, ರ‍್ಯಾಮ್ 128 ಎಂಬಿ ಇದ್ದರೆ ನೆಮ್ಮದಿ. ಹೊಸದು ಕೊಳ್ಳುವವರೂ ಅಂಗಡಿಗೆ ಹೋಗುವ ಮೊದಲೇ ಇದನ್ನು ನೋಡಿಕೊಳ್ಳಿ. ಇನ್ನೊಂದು ಮಾತು: ಇಂಟರ್ನೆಟ್ ಕಂಪನಿ ಕೊಟ್ಟ ಫೈಬರ್ ಡಬ್ಬ ನಿಮ್ಮದಲ್ಲ. ಅದನ್ನು ಮುಟ್ಟಬೇಡಿ. ನಿಮ್ಮ ರೂಟರನ್ನು ಅದರ ಹಿಂದೆ ಜೋಡಿಸಿ.

ವೈಫೈ ಬಿಟ್ಟು ತಂತಿಯಲ್ಲೇ ಲ್ಯಾಪ್‌ಟಾಪ್ ಸಿಕ್ಕಿಸಿದ. ರೂಟರನ್ನು ಯುಪಿಎಸ್‌ಗೆ ಹಾಕಿದ. 'ಮಧ್ಯದಲ್ಲಿ ಕರೆಂಟ್ ಹೋದ್ರೆ ಇಟ್ಟಿಗೆ ಆಗೋಗತ್ತೆ ಸಾರ್' ಅಂದ. ಆ ಐದು ನಿಮಿಷ ನನ್ನ ಎದೆ ಚುನಾವಣಾ ಫಲಿತಾಂಶದ ದಿನಕ್ಕಿಂತ ಜೋರಾಗಿ ಹೊಡ್ಕೊಂಡಿತು. ದೀಪ ಆರಿತು, ಮಿನುಗಿತು, ನಿಂತಿತು. 192.168.1.1 ಅಂತ ಒತ್ತಿದ, ಹೊಸ ಪುಟ ತೆರೆಯಿತು. ಮೊದಲು ಪಾಸ್‌ವರ್ಡ್ ಇಟ್ಟ, ಯಾಕಂದ್ರೆ ಶುರುವಿನಲ್ಲಿ ಪಾಸ್‌ವರ್ಡೇ ಇರಲ್ಲ. ಆಮೇಲೆ ದೇಶ ಭಾರತ ಅಂತ ಆರಿಸಿದ, ಪವರ್ ಮಿತಿ ಕಾನೂನಿನೊಳಗೆ ಇರಲಿ ಅಂತ. ಕೊನೆಗೆ ವೈಫೈ ಆನ್. ಸತ್ತಿದೆ ಅಂದಿದ್ದ ಡಬ್ಬ ಇವತ್ತಿಗೂ ಓಡ್ತಿದೆ. ಅಪ್‌ಡೇಟೂ ಬರ್ತಿದೆ.

ಇದು ಬರೀ ದುಡ್ಡು ಉಳಿಸೋ ಮಾತಲ್ಲ. 2016ರಲ್ಲಿ ಮಿರಾಯ್ ಅನ್ನೋ ದುಷ್ಟ ಪ್ರೋಗ್ರಾಮ್, ಮಾಲೀಕರು ಬದಲಾಯಿಸದೇ ಬಿಟ್ಟಿದ್ದ ಪಾಸ್‌ವರ್ಡ್ ಬಳಸಿ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ಗುಲಾಮರನ್ನಾಗಿ ಮಾಡಿಕೊಂಡು ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನೇ ಮಲಗಿಸಿತು. ಮನೆಯವರಿಗೆ ಗೊತ್ತೇ ಆಗಲಿಲ್ಲ. ನಮ್ಮ ಬ್ಯಾಂಕ್ ವ್ಯವಹಾರ, ಮಕ್ಕಳ ಪಾಠ, ಮನೆಯ ಕ್ಯಾಮೆರಾ, ಎಲ್ಲವೂ ದಾಟೋದು ಆ ಡಬ್ಬದ ಮೂಲಕವೇ. ಅದರ ಹೊಣೆ ಯಾರೋ ಕೈಬಿಟ್ಟ ದಿನ, ಅದನ್ನು ಎತ್ತಿಕೊಳ್ಳೋ ಹಕ್ಕು ನಮಗೆ ಇರಬೇಕಲ್ವಾ?

ಎಲ್ಲರೂ ಫರ್ಮ್‌ವೇರ್ ಬದಲಾಯಿಸಿ ಅಂತ ನಾನು ಹೇಳ್ತಿಲ್ಲ. ಬದಲಾಯಿಸೋಕೆ ಆಗೋ ಡಬ್ಬವನ್ನೇ ಕೊಳ್ಳಿ. 2024ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಬಳಗ ತಾನೇ ರೂಪಿಸಿದ ರೂಟರ್ ಬಂತು. ಕೆಟ್ಟರೆ ಚೇತರಿಸಿಕೊಳ್ಳೋಕೆ ಅದರೊಳಗೆ ಪ್ರತ್ಯೇಕ ಫ್ಲ್ಯಾಶ್ ಚಿಪ್ಪೇ ಇದೆ. 'ಕೋಡ್ ಎಲ್ಲಿ?' ಅಂತ 2003ರಲ್ಲಿ ಒಬ್ಬ ಕೇಳಿದ ಪ್ರಶ್ನೆ ಇಪ್ಪತ್ತು ವರ್ಷದಲ್ಲಿ ಇಲ್ಲಿಗೆ ಬಂದು ನಿಂತಿದೆ.

ಇವತ್ತು ರಾತ್ರಿ ಮಲಗೋ ಮುಂಚೆ ಒಂದು ಕೆಲಸ ಮಾಡಿ. ಆ ಡಬ್ಬದ ಧೂಳು ಒರೆಸಿ, ತಿರುಗಿಸಿ, ಅಡಿಯಲ್ಲಿರೋ ಚೀಟಿ ಓದಿ. ಕೊನೇ ಅಪ್‌ಡೇಟ್ ಯಾವಾಗ ಬಂತು ಅಂತ ನೋಡಿ. ಪಾಸ್‌ವರ್ಡ್ ಕಂಪನಿ ಕೊಟ್ಟಿದ್ದೇ ಇದ್ದರೆ, ಬದಲಾಯಿಸಿ.