ವಾಗ್ದಾನದ ನೆಲ, ಯಾರ ಹೆಸರಿನ ಪಹಣಿ?

ಅಬ್ರಹಾಮನ ಸಂತತಿಗೆ ಕಾನಾನ್ ನೆಲ ಕೊಡುತ್ತೇನೆಂದು ದೇವರು ಮಾತು ಕೊಟ್ಟದ್ದು ಆದಿಕಾಂಡದಲ್ಲಿ. ಆ ಮಾತುಗಳಲ್ಲಿ ಒಂದೂ ತಪ್ಪಲಿಲ್ಲ, ಎಲ್ಲಾ ನೆರವೇರಿತು ಅಂತ ಲೆಕ್ಕ ಒಪ್ಪಿಸುವುದು ಯೆಹೋಶುವನ ಗ್ರಂಥದ 21ನೇ ಅಧ್ಯಾಯ. ಆದರೆ ಅದೇ ಗ್ರಂಥದ 9ನೇ ಅಧ್ಯಾಯದಲ್ಲಿ ಗಿಬ್ಯೋನಿನ ಜನ ಸೌದೆ ಒಡೆಯುವ, ನೀರು ಹೊರುವ ಆಳುಗಳಾಗುತ್ತಾರೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಬಿಟ್ಟಿ ಚಾಕರಿ. ಅರಕೇರಾ, ದೇವದುರ್ಗ, ಮಾನ್ವಿ ಕಡೆಯ ಕೇರಿಗಳಲ್ಲಿ ಕೂತು ಈ ಪುಟ ಓದಿದರೆ ಒಂದು ಪ್ರಶ್ನೆ ಏಳಲೇಬೇಕು: ಈ ಕತೆಯೊಳಗೆ ನಾವ್ಯಾರು? ಇಸ್ರಾಯೇಲರೋ, ಗಿಬ್ಯೋನಿನವರೋ?

ಅದೇ ಹೀಬ್ರೂ ಗ್ರಂಥಗಳಲ್ಲಿ ಇನ್ನೊಂದು ಮಾತೂ ಇದೆ. ಯಾಜಕಕಾಂಡದ 25ನೇ ಅಧ್ಯಾಯದ ಪ್ರಕಾರ ಭೂಮಿಯನ್ನು ಶಾಶ್ವತವಾಗಿ ಮಾರುವಂತಿಲ್ಲ. ಬಡತನಕ್ಕೆ ಕೈತಪ್ಪಿದ ಹೊಲ 50ನೇ ವರ್ಷ ಮೂಲ ಕುಟುಂಬಕ್ಕೆ ತಿರುಗಿ ಬರಬೇಕು. ಅಂದರೆ ನೆಲ ಕೊಟ್ಟ ಮಾತ್ರಕ್ಕೆ ವಾಗ್ದಾನ ಮುಗಿಯುವುದಿಲ್ಲ. ಕಳೆದುಕೊಂಡವನಿಗೆ ಅದು ವಾಪಸ್ ಬಂದಾಗಲೇ ಮಾತು ಉಳಿದಂತೆ.

ನಮಗೆ ಇಂಥ ಮಾತು ಕೊಟ್ಟದ್ದು ದೇವರಲ್ಲ, ಸರ್ಕಾರ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಷರತ್ತು ಮೀರಿ ಪರಭಾರೆಯಾದರೆ ಬಿಡಿಸಿ ಕೊಡಬೇಕೆಂದಿತು 1978ರ ಪಿಟಿಸಿಎಲ್ ಕಾಯ್ದೆ. ಬಹಳ ತಡವಾಗಿ ಬಂದ ಅರ್ಜಿ ನಿಲ್ಲದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಕ್ಷರ ಕಾಣದ ಮನೆಯವರಿಗೆ ಗಡಿಯಾರ ತೋರಿಸಿದ ಹಾಗಾಯಿತು ಅದು! ದಲಿತರು ಹೋರಾಡಿದ ಮೇಲೆ 2023ರಲ್ಲಿ ತಿದ್ದುಪಡಿ ಬಂದು, ಅರ್ಜಿಗೆ ಕಾಲಮಿತಿಯಿಲ್ಲ ಅಂತ ಕಾಯ್ದೆಯೊಳಗೇ ಬರೆಯಬೇಕಾಯಿತು.

ಬರೆದದ್ದೇ ನೆರವೇರಿದ್ದಲ್ಲ. ಗಿಬ್ಯೋನಿನವರು ತಮ್ಮ ಹೊಲದ ಬದುವಿನ ಮೇಲೆ ನಿಂತು 'ಆಯ್ತು' ಅನ್ನಲಿ. ಅವತ್ತು ನಂಬೋಣ.