ಆದಿತ್ಯವಾರ ಪಣಂಬೂರಿಗೆ ಹೋಗುವ ಮೊದಲು ಇದನ್ನೊಮ್ಮೆ ಓದಿ

ಫೋಟೋ 1: ಚರುಮುರಿ ಪೊಟ್ಟಣ, ಹಿಂದೆ ಕಡಲು

ಮಳೆ ಕಡಿಮೆ ಆಯ್ತು. ನವರಾತ್ರಿ ರಜೆ ಸಿಕ್ಕಿತು. ಆದಿತ್ಯವಾರ ಬಂದರೆ ಕಾಟಿಪಳ್ಳದ ಮನೆಗಳಲ್ಲಿ ಒಂದೇ ಪ್ರಶ್ನೆ: "ಎಲ್ಲಿಗೆ ಹೋಗುವಾ?" ಹೆಚ್ಚಾಗಿ ಉತ್ತರವೂ ಒಂದೇ, ಪಣಂಬೂರು ಬೀಚ್. ಒಂದು ಚರುಮುರಿ, ಒಂದು ಐಸ್‌ಕ್ರೀಂ, ಸೂರ್ಯ ಮುಳುಗುವಾಗ ಒಂದು ಸೆಲ್ಫಿ, ಮತ್ತೆ ಬಸ್ ಹತ್ತಿ ಮನೆಗೆ.

ಈ ಸಲದ ಇತಿಹಾಸ ಸರಣಿ ಈ ಔಟಿಂಗ್ ಬಗ್ಗೆಯೇ. ಯಾಕೆ ಅಂದ್ರೆ ನಮ್ಮಲ್ಲಿ ಎಷ್ಟೋ ಮನೆಯವರಿಗೆ ಆ ಕಡೆಯ ನೆಲ ತಿರುಗಲು ಹೋಗುವ ಜಾಗ ಆದದ್ದು ಆಮೇಲೆ. ಅದಕ್ಕೆ ಮೊದಲು ಅದು ಅವರ ಮನೆಯೇ ಆಗಿತ್ತು.

ಫೋಟೋ 2: ನಮ್ಮ ಬ್ಲಾಕಿನ ಬೋರ್ಡು

ನಿಮ್ಮ ವಿಳಾಸ ಒಮ್ಮೆ ನೋಡಿ. ಮೂರನೇ ಬ್ಲಾಕ್, ಏಳನೇ ಬ್ಲಾಕ್. ತುಳುನಾಡಿನ ಹಳೇ ಊರುಗಳಲ್ಲಿ ವಿಳಾಸ ಹೀಗೆ ಇರುವುದಿಲ್ಲ. ಅಲ್ಲಿ ಮನೆಗೊಂದು ಹೆಸರು, ಗದ್ದೆಗೊಂದು ಹೆಸರು. ನಂಬರ್ ಬರುವುದು ಯಾರೋ ನಕ್ಷೆ ಹಾಕಿ ಸೈಟ್ ಹಂಚಿದಾಗ.

ಇಲ್ಲಿ ಆದದ್ದೂ ಅದೇ. ಹಳೇ ಮಂಗಳೂರು ಬಂದರು ನದಿಯ ಬಾಯಲ್ಲಿ ಇತ್ತು. ಅಲ್ಲಿ ಮರಳು ತುಂಬುತ್ತದೆ, ದೊಡ್ಡ ಹಡಗು ಒಳಗೆ ಬರಲಿಕ್ಕೆ ಆಗುವುದಿಲ್ಲ, ಮಳೆಗಾಲದಲ್ಲಂತೂ ಕೆಲಸವೇ ಬಂದ್. ಹಾಗಾಗಿ ವರ್ಷವಿಡೀ ನಡೆಯುವ ಹೊಸ ಬಂದರು ಬೇಕಾಯಿತು. 1962ರಲ್ಲಿ ಪಣಂಬೂರಿನಲ್ಲಿ ಕೆಲಸ ಶುರು. ಅದಕ್ಕಾಗಿ ಜಾಗ ಬಿಟ್ಟುಕೊಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಪುನರ್ವಸತಿ.

ಫೋಟೋ 3: ಬೀಚಿನಿಂದ ಕಾಣುವ ಹಡಗು

ಈ ಹಡಗು ಎಲ್ಲಿಗೆ ಹೋಗುತ್ತದೆ ಗೊತ್ತುಂಟಾ? ನವಮಂಗಳೂರು ಬಂದರು ನೆಲ ಅಗೆದು ಮಾಡಿದ್ದು. ಕಡಲಿನಿಂದ 7.5 ಕಿಲೋಮೀಟರ್ ಉದ್ದದ ಕಾಲುವೆ ಬಂದು, ಒಳಗೆ ತೋಡಿದ ದೊಡ್ಡ ಕೊಳ ಸೇರುತ್ತದೆ. ಹಡಗು ನಿಲ್ಲುವುದು ಆ ಕೊಳದಲ್ಲಿ. ಅಂದ್ರೆ ಇವತ್ತು ಹಡಗು ತೇಲುವ ಕಡೆ ಒಂದು ಕಾಲದಲ್ಲಿ ಜನ ನಡೆದಾಡುತ್ತಿದ್ದರು. ಊರು ಬಿಟ್ಟವರು ಮತ್ತೊಮ್ಮೆ ಹೋಗಿ "ಇಲ್ಲಿ ನಮ್ಮ ಅಂಗಳ ಇತ್ತು" ಅಂತ ಕಾಲಿಟ್ಟು ತೋರಿಸುವ ಹಾಗೂ ಇಲ್ಲ. ಅಲ್ಲಿ ನೆಲವೇ ಇಲ್ಲ.

ಫೋಟೋ 4: ಕ್ಯಾಲೆಂಡರಿನ ಕೆಂಪು ಆದಿತ್ಯವಾರ

ವೀಕೆಂಡ್ ಅನ್ನುವುದಕ್ಕೂ ಒಂದು ಇತಿಹಾಸ ಉಂಟು. ಗದ್ದೆಗೆ ಆದಿತ್ಯವಾರ ಇಲ್ಲ. ಮಳೆಗೆ ನೆಟ್ಟ ಏಣೆಲ್ ಬೆಳೆ ಕೊಯ್ಲಿಗೆ ಬರುವುದು ಕನ್ಯಾ, ಬೊಂತೆಲ್ ತಿಂಗಳಲ್ಲಿ, ಅಂದ್ರೆ ಈಗ ನಮಗೆ ರಜೆ ಇರುವ ಸಮಯದಲ್ಲೇ. ಮನೆಯ ಮಕ್ಕಳಿಗೂ ಕೆಲಸ. ಆಗ ಹೊರಗೆ ಹೋಗುವುದು ಅಂದ್ರೆ ಹೊಸ ಅಕ್ಕಿ ಊಟಕ್ಕೆ ನೆಂಟರ ಮನೆಗೆ, ಜಾತ್ರೆಗೆ, ರಾತ್ರಿ ಆಟ ನೋಡಲು. ತಿರುಗಾಟ ಅನ್ನುವ ಶಬ್ದ ಯಕ್ಷಗಾನ ಮೇಳಗಳದ್ದು. ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ.

ಬಂದರಿನ ಹಿಂದೆಯೇ ಕಾರ್ಖಾನೆಗಳು ಬಂದವು. 1976ರಲ್ಲಿ ಎಂಸಿಎಫ್ ಗೊಬ್ಬರ ಮಾಡಲು ಶುರು ಮಾಡಿತು, 1996ರಲ್ಲಿ ಎಂಆರ್‌ಪಿಎಲ್. ಕೆಲಸ ಸಿಕ್ಕಿದವರಿಗೆ ಶಿಫ್ಟ್, ತಿಂಗಳ ಸಂಬಳ, ವಾರಕ್ಕೊಂದು ರಜೆ. ಗದ್ದೆಯನ್ನು ಒಳಗೆ ಹಾಕಿಕೊಂಡ ಬಂದರು ನಮ್ಮ ಮನೆಗಳಿಗೆ ಆದಿತ್ಯವಾರವನ್ನೂ ತಂದುಕೊಟ್ಟಿತು. ಎರಡನ್ನೂ ಒಟ್ಟಿಗೆ ಹೇಳಿದರೆ ಮಾತ್ರ ಲೆಕ್ಕ ಸರಿ.

ಫೋಟೋ 5: ಬಾಗಿಲಿಗೆ ಕಟ್ಟಿದ ತೆನೆ

ಇನ್ನು ತಿಂಡಿಯ ವಿಷಯ. ಯಾವುದು ಉಳಿಯಿತು, ಯಾವುದು ಬದಲಾಯಿತು ಅಂತ ನೋಡಿದರೆ ಪೂರ್ತಿ ಕಥೆ ತಟ್ಟೆಯಲ್ಲೇ ಸಿಗುತ್ತದೆ.

ಗದ್ದೆ ಬೇಕಾದವು ಬದಲಾದವು. ಹೊಸ ತೆನೆ ಮನೆ ತುಂಬಿಸಬೇಕು, ಹೊಸ ಅಕ್ಕಿಯ ಊಟ ಮಾಡಬೇಕು. ಕ್ರೈಸ್ತರ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬ: ಇಗರ್ಜಿಯಲ್ಲಿ ತೆನೆಗೆ ಆಶೀರ್ವಾದ, ಮಕ್ಕಳ ಕೈಗೆ ಕಬ್ಬು, ಮನೆಯಲ್ಲಿ ಎಲೆ ಹಾಕಿ ತರಕಾರಿ ಊಟ. ಸ್ವಂತ ಗದ್ದೆ ಇಲ್ಲದ ಮನೆಗೆ ಈ ತೆನೆ ಬೇರೆಯವರ ಗದ್ದೆಯಿಂದ ಬರಬೇಕು. ದೀಪಾವಳಿಗೆ ಗದ್ದೆಗೆ ಹೋಗಿ ದೀಪ ಇಟ್ಟು, ಅವಲಕ್ಕಿ ಬಡಿಸಿ, ಕೂ ಹಾಕಿ ಬಲೀಂದ್ರನನ್ನು ಕರೆಯುವುದು ಕ್ರಮ. ಭೂಮಿ ಕಳಕೊಂಡ ರಾಜನನ್ನು ವರ್ಷಕ್ಕೊಮ್ಮೆ ಅವನದೇ ಭೂಮಿಗೆ ಕರೆಯುವ ಹಬ್ಬ ಅದು. ಗದ್ದೆ ಹೋದ ಮೇಲೆ ಎಲ್ಲಿಗೆ ಕರೆಯುವುದು? ಅಂಗಳಕ್ಕೆ.

ಫೋಟೋ 6: ಅರಶಿನ ಎಲೆಯಲ್ಲಿ ಬೆಂದ ಗಟ್ಟಿ

ಅಂಗಳ ಸಾಕು ಅನ್ನುವ ತಿಂಡಿಗಳು ಗಟ್ಟಿಯಾಗಿ ಉಳಿದವು. ಮನೆ ಹಿಂದೆ ನಾಲ್ಕು ಅರಶಿನದ ಬುಡ, ಇಲ್ಲದಿದ್ದರೆ ಒಂದು ಹಳೇ ಬಕೆಟ್ ಮಣ್ಣು ಇದ್ದರೂ ಆಯ್ತು. ಎಲೆ ಮೇಲೆ ಅಕ್ಕಿಹಿಟ್ಟು ಸವರಿ, ತೆಂಗಿನಕಾಯಿ ಬೆಲ್ಲ ಇಟ್ಟು, ಮಡಚಿ ಹಬೆಯಲ್ಲಿ ಬೇಯಿಸಿದರೆ ಬೀದಿಯವರೆಗೆ ಪರಿಮಳ. ಮುಳ್ಳುಸೌತೆ ತುರಿದು ಬೇಯಿಸುವ ಅಡ್ಯೆಯೂ ಹಾಗೇ. ಹೊಸ ಕೆಂಪು ಮಣ್ಣಿಗೆ ಬಂದ ಮೇಲೂ ಅಮ್ಮಂದಿರ ಕೈಯಲ್ಲಿ ತಪ್ಪದೆ ಮುಂದುವರಿದದ್ದು ಇಂಥವು.

ಕಡಲು ಬೇಕಾದವು ಆದಿತ್ಯವಾರಕ್ಕೆ ಹೋದವು. ಟ್ರಾಲ್ ದೋಣಿಗಳು ಆಗಸ್ಟಿನಲ್ಲಿ ಮತ್ತೆ ಇಳಿದ ಮೇಲೆ ಬಂಗುಡೆ, ಬೂತಾಯಿ ಮನೆಗೆ ಬರುತ್ತವೆ. ಅಲೆಯ ಶಬ್ದ ಮಾತ್ರ ಮನೆಗೆ ಬರುವುದಿಲ್ಲ. ಅದಕ್ಕೆ ನಾವು ಬಸ್ ಹತ್ತಬೇಕು.

ಫೋಟೋ 7: ಎರಡು ತಾರೀಕು

ಪರೀಕ್ಷೆಗೆ ಬಾರದಿದ್ದರೂ ಇವೆರಡು ನೆನಪಿಟ್ಟುಕೊಳ್ಳಿ. 1974 ಮಾರ್ಚ್ 1, ಕರ್ನಾಟಕದ ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆ ಜಾರಿ; ಗೇಣಿಗೆ ಉಳುತ್ತಿದ್ದವರಿಗೆ ಆ ಭೂಮಿಯ ಹಕ್ಕು ಕೇಳುವ ದಾರಿ ತೆರೆಯಿತು. 1974 ಮೇ 4, ಪಣಂಬೂರು ದೇಶದ ಒಂಬತ್ತನೇ ಪ್ರಮುಖ ಬಂದರು ಅಂತ ಘೋಷಣೆ. ಮರುವರ್ಷ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟನೆ ಮಾಡಿದರು.

ನಡುವೆ ಎರಡೇ ತಿಂಗಳು. ನಮ್ಮ ಜಿಲ್ಲೆಯ ಗೇಣಿದಾರರು ತಮ್ಮ ಗದ್ದೆಗೆ ಅರ್ಜಿ ಹಾಕಲು ಹೊರಟ ಹೊತ್ತಿನಲ್ಲಿ, ಗದ್ದೆಯೇ ಬಂದರಿನೊಳಗೆ ಹೋದ ಗೇಣಿದಾರ ಎಂತ ಅಂತ ಅರ್ಜಿ ಹಾಕುವುದು? ಪಾಠ ಪುಸ್ತಕದಲ್ಲಿ ಈ ಎರಡು ಬೇರೆ ಬೇರೆ ಅಧ್ಯಾಯ. ಕಾಟಿಪಳ್ಳದಲ್ಲಿ ಒಂದೇ.

ಫೋಟೋ 8: ಅಜ್ಜಿಯ ಕೈ, ಬಾಳೆಎಲೆ

1965ರಲ್ಲಿ 15 ವರ್ಷ ಆಗಿದ್ದವರು ಈಗ 75 ದಾಟಿದ್ದಾರೆ. ಬಂದರಿನ ಉದ್ದ, ಆಳ, ತಾರೀಕು ಎಲ್ಲ ಕಡತದಲ್ಲಿ ಉಂಟು, ನಾಳೆಯೂ ಇರುತ್ತದೆ. ಆದರೆ ಬಾಕಿಮಾರು ಗದ್ದೆಯ ಬದಿಯಲ್ಲಿ ಯಾವ ಮರ ಇತ್ತು, ಬಲೀಂದ್ರನಿಗೆ ದೀಪ ಎಲ್ಲಿ ಇಡುತ್ತಿದ್ದರು, ಹೊಸ ಅಕ್ಕಿ ಊಟಕ್ಕೆ ಯಾರ್ಯಾರು ಬರುತ್ತಿದ್ದರು, ಇದು ಅವರ ತಲೆಯಲ್ಲಿ ಮಾತ್ರ ಉಂಟು. ತುಳುವಿನಲ್ಲಿ ಕೇಳಿ, ಬ್ಯಾರಿಯಲ್ಲಿ ಕೇಳಿ, ಕೊಂಕಣಿಯಲ್ಲಿ ಕೇಳಿ, ನಿಮ್ಮ ಮನೆಯ ಭಾಷೆ ಯಾವುದೋ ಅದರಲ್ಲಿ.

ಈ ಆದಿತ್ಯವಾರ ಪಣಂಬೂರಿಗೆ ಹೋಗುವುದಾದರೆ ನಡೆಯಲು ಆಗುವ ಅಜ್ಜ ಅಜ್ಜಿಯನ್ನೂ ಕರಕೊಂಡು ಹೋಗಿ. ಅವರಿಗೂ ಒಂದು ಚರುಮುರಿ ಕೊಡಿಸಿ, ಖಾರ ಕಡಿಮೆ ಹೇಳಿ. "ನಮ್ಮದು ಯಾವ ಕಡೆ ಇತ್ತು?" ಅಂತ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಸೆಲ್ಫಿ ಆಮೇಲೆ ತೆಗೆದರೂ ಆಗುತ್ತದೆ.